ನೆದ್ಕಕ್ಕ ಮತ್ತು ಪೆನ್ಯೊನ ಸಾವಿನ ಹಾಳೆ

ನಮ್ಮೂರಲ್ಲಿ ಬದುಕಿದ್ದಾಗ ಯಾರ ಮುಖವನ್ನೂ ಯಾರೂ ಸರಿಯಾಗಿ ನೋಡುವುದಿಲ್ಲ. ಸತ್ತ ಮೇಲೆ ಬಸ್ ನಿಲ್ದಾಣ, ಬೇಕರಿಯ ಬಾಗಿಲು, ಲೈಟು ಕಂಬ, ಸತ್ತವರ ಮನೆಯ ಗೇಟು, ಎಲ್ಲಿ ನೋಡಿದರೂ ಅದೇ ಮುಖ. ಆ ಹಾಳೆಗಳನ್ನು ಅಚ್ಚು ಹಾಕುವವನು ನಾನು, ರಾಂಗೆಲ್. ಸುತ್ತ ಕಪ್ಪು ಅಂಚು, ಮೇಲೆ ಶಿಲುಬೆ, ನಡುವೆ ಫೋಟೊ, ಹೆಸರು, ಎರಡು ಸಾಲು ಹೊಗಳಿಕೆ, ಕೆಳಗೆ ದುಃಖದಲ್ಲಿರುವವರು ಎಂದು ಮನೆಯವರ ಹೆಸರು. ಸತ್ತ ದಿನಕ್ಕೊಂದು ಹಾಳೆ, ನಲವತ್ತನೆಯ ದಿನಕ್ಕೊಂದು, ಆರು ತಿಂಗಳಿಗೊಂದು, ಆಮೇಲೆ ಉಳಿದವರಿಗೆ ಬೇಸರ ಬರುವ ತನಕ ವರ್ಷಕ್ಕೊಂದು. ಇಪ್ಪತ್ತೆರಡು ವರ್ಷದಿಂದ ಇದೇ ನನ್ನ ಕಸುಬು. ಇಷ್ಟು ವರ್ಷದಲ್ಲಿ ಊರಲ್ಲಿ ಒಬ್ಬನೇ ಒಬ್ಬ ಕೆಟ್ಟ ಗಂಡಸು ಸತ್ತಿಲ್ಲ. ಎಲ್ಲರೂ ಪ್ರೀತಿಯ ಪತಿ, ಅಕ್ಕರೆಯ ತಂದೆ. ಅಂಥವರೆಲ್ಲ ಬದುಕಿದ್ದಾಗ ಎಲ್ಲಿ ಅಡಗಿದ್ದರೋ ನನಗಂತೂ ಗೊತ್ತಿಲ್ಲ.

ಆದರೆ ನಾನು ಹೇಳಹೊರಟಿರುವುದು ನನ್ನ ಕಥೆಯಲ್ಲ, ನೆದ್ಕಕ್ಕನದು. ಊರಿನ ಕಂಪ್ಯೂಟರುಗಳಿಗೆಲ್ಲ ಅವಳೇ ಡಾಕ್ಟರು. ವಯಸ್ಸು ಅರವತ್ತಮೂರು. ಕುಳ್ಳು ಮೈ, ದೊಡ್ಡ ಗಂಟಲು, ಎರಡೂ ಮೊಣಕಾಲಲ್ಲಿ ನೋವು, ಕೋಟಿನ ಜೇಬಿನ ತುಂಬ ಹುರಿದ ಸೂರ್ಯಕಾಂತಿ ಬೀಜ. ಕೀಲಿಮಣೆಯ ಮುಂದೆ ಕೂತಳೆಂದರೆ ಬೀಜ ಕಡಿಯುತ್ತ ಸಿಪ್ಪೆಯನ್ನು ಮಾಲೀಕನ ಕಾಫಿ ಲೋಟಕ್ಕೆ ಉಗಿಯುತ್ತಾಳೆ. ಲೋಟದಲ್ಲಿ ಇನ್ನೂ ಕಾಫಿ ಇದೆಯೋ ಇಲ್ಲವೋ ಎಂದು ನೋಡುವ ಅಭ್ಯಾಸ ಅವಳಿಗಿಲ್ಲ.

ಅವಳಪ್ಪ ಬೂಟು ಹೊಲಿಯುತ್ತಿದ್ದ. ಮಗಳು ಲೆಕ್ಕದಲ್ಲಿ ಚುರುಕು ಎಂದು ತಾಂತ್ರಿಕ ಶಾಲೆಗೆ ಹಾಕಿದ. ಕಮ್ಯುನಿಸ್ಟ್ ಪಕ್ಷದವರು ದೇಶ ಆಳುತ್ತಿದ್ದ ಕಾಲ. ಪಕ್ಕದ ಪಟ್ಟಣದ ಕಾರ್ಖಾನೆಯಲ್ಲಿ ಕಂಪ್ಯೂಟರಿನ ಡಿಸ್ಕುಗಳನ್ನು ಮಾಡುತ್ತಿದ್ದರು. ನೆದ್ಕಕ್ಕ ಬಿಳಿ ಕೋಟು ತೊಟ್ಟು, ಕೂದಲನ್ನು ಟೋಪಿಯೊಳಗೆ ತುರುಕಿ, ಹನ್ನೊಂದು ವರ್ಷ ಆ ಡಿಸ್ಕುಗಳನ್ನು ಪರೀಕ್ಷೆ ಮಾಡಿದಳು. ಅಲ್ಲಿಯ ಎಂಜಿನಿಯರ್ ಒಬ್ಬ ಮದುವೆಯಾಗೋಣವೇ ಎಂದು ಕೇಳಿದನಂತೆ. ಇವಳು ಅವನ ಮೇಜಿನ ಮೇಲಿದ್ದ ದೋಷಗಳ ದಾಖಲೆ ಪುಸ್ತಕ ಎತ್ತಿಕೊಂಡು, ಆ ತಿಂಗಳು ಅವನು ಮುಚ್ಚಿಹಾಕಿದ್ದ ಮೂರು ತಪ್ಪುಗಳನ್ನು ಜೋರಾಗಿ ಓದಿ, ಇನ್ನೂ ಏನೇನು ಮುಚ್ಚಿಟ್ಟಿದ್ದೀಯ ಎಂದು ಕೇಳಿದಳಂತೆ. ಅವನು ವಾರ್ನಾ ಕಡೆಯ ಬೇರೊಬ್ಬಳನ್ನು ಮದುವೆಯಾದ. ಮುಂದೆ ಸರಕಾರ ಬಿತ್ತು, ಅದರ ಬೆನ್ನಿಗೇ ಕಾರ್ಖಾನೆಯೂ ಬಿತ್ತು. ನೆದ್ಕಕ್ಕ ಆರು ವರ್ಷ ಸಂತೆಯಲ್ಲಿ ಟರ್ಕಿಯ ಕಾಲುಚೀಲ ಮಾರಿದಳು. ಪುರಸಭೆಗೆ ಮೊದಲ ಕಂಪ್ಯೂಟರ್ ಬಂದು ಮೂರನೆಯ ದಿನಕ್ಕೆ ಕೈಕೊಟ್ಟಾಗ ಅಲ್ಲಿಯವರು ಓಡಿಬಂದದ್ದು ಕಾಲುಚೀಲದ ಅಂಗಡಿಗೇ.

ಅವಳ ಚಿಕಿತ್ಸೆಗೆ ಒಂದು ಕ್ರಮವಿದೆ. ಕೆಟ್ಟ ಕಂಪ್ಯೂಟರಿನ ಮುಂದೆ ಮೊದಲು ಅವಳು ಕೂರುವುದಿಲ್ಲ, ನಿಮ್ಮನ್ನು ಕೂರಿಸುತ್ತಾಳೆ. ಪರದೆಯ ಮೇಲೆ ಬಂದಿರುವ ದೋಷದ ಸಂದೇಶವನ್ನು ಪೂರ್ತಿಯಾಗಿ, ಜೋರಾಗಿ ಓದಿಸುತ್ತಾಳೆ. ನಾವೆಲ್ಲ ಆ ಚೌಕ ಮೂಡಿದ ತಕ್ಷಣ ನೊಣ ಹೊಡೆದ ಹಾಗೆ ಮುಚ್ಚುವವರು. ಪಾದ್ರಿಯ ಮುಂದೆ ಪಾಪ ಒಪ್ಪಿಕೊಳ್ಳುವುದು ಇದಕ್ಕಿಂತ ಸುಲಭ, ಯಾಕೆಂದರೆ ಪಾದ್ರಿ ನಡುವೆ ತೂಕಡಿಸುತ್ತಾನೆ. ಯಂತ್ರ ಬಾಯಿಬಿಟ್ಟು ತನಗೇನು ಬೇಕು ಅಂತ ಹೇಳುತ್ತದೆ, ಯಾವ ಗಂಡಸೂ ಅಷ್ಟು ಸ್ಪಷ್ಟವಾಗಿ ಹೇಳಿದ್ದನ್ನು ತಾನು ಕೇಳಿಲ್ಲ, ಅದನ್ನೂ ಓದಲಾರೆವು ಅಂದರೆ ನಮಗೆ ಯಾಕೆ ಬೇಕು ಕಂಪ್ಯೂಟರ್ ಎಂದು ಬೈಯುತ್ತಾಳೆ. ಪಟ್ಟಣದ ರಿಪೇರಿ ಅಂಗಡಿಯವರು ಏನೇ ಕೆಟ್ಟರೂ ಎಲ್ಲ ಅಳಿಸಿ ಹೊಸದಾಗಿ ಹಾಕಿಕೊಡುತ್ತಾರೆ. ಅವರ ಮಾತೆತ್ತಿದರೆ ನೆದ್ಕಕ್ಕನಿಗೆ ಮೈಯೆಲ್ಲ ಉರಿ. ಹಲ್ಲು ನೋವು ಎಂದು ಹೋದವನಿಗೆ ತಲೆ ತೆಗೆದು ಬೇರೆ ಕೂರಿಸುವ ಜನ ಅವರು ಎನ್ನುತ್ತಾಳೆ. ನಲವತ್ತು ವರ್ಷದಲ್ಲಿ ತನ್ನ ಕೈಲಾಗದು ಎಂದು ಒಂದು ಯಂತ್ರವನ್ನೂ ಬಿಟ್ಟು ಎದ್ದವಳಲ್ಲ ಅವಳು.

ಮೊನ್ನೆ ಸೆಪ್ಟೆಂಬರಿನಲ್ಲಿ, ಊರೆಲ್ಲ ಚಳಿಗಾಲಕ್ಕೆಂದು ಅಂಗಳದಲ್ಲಿ ಕೆಂಪು ದೊಣ್ಣೆ ಮೆಣಸಿನಕಾಯಿ ಸುಡುತ್ತಿದ್ದ ಒಂದು ಬುಧವಾರ ಬೆಳಿಗ್ಗೆ, ಯೊಂಕಾ ನನ್ನ ಅಂಗಡಿಗೆ ಬಂದಳು. ಯೊಂಕಾ ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುವವಳು. ನಲ್ಲಿ ರಿಪೇರಿಯ ಪೆನ್ಯೊ ಜೊತೆ ಹತ್ತೊಂಬತ್ತು ವರ್ಷ ಸಂಸಾರ ಮಾಡಿದವಳು. ಪೆನ್ಯೊ ಆಗಸ್ಟಿನಲ್ಲಿ ಯಾರದೋ ಬಚ್ಚಲಿನ ತೊಟ್ಟಿಯ ಕೆಳಗೆ ತಲೆ ತೂರಿಸಿ ಕೆಲಸ ಮಾಡುತ್ತಿದ್ದಾಗಲೇ ಹೃದಯ ನಿಂತು ಸತ್ತಿದ್ದ. ಮನೆಯವರು ಅವನ ಕಾಲುಗಳನ್ನು ನೋಡುತ್ತ ಅರ್ಧ ಗಂಟೆ ಅವನಿಗೆ ಊರ ಸುದ್ದಿ ಹೇಳಿದ್ದರಂತೆ.

ಇವರಿಬ್ಬರಿಗೆ ಮದುವೆಯಾಗಿರಲಿಲ್ಲ. ಪೆನ್ಯೊನ ಮೊದಲ ಹೆಂಡತಿ ಮುದುಕರ ಸೇವೆಗೆಂದು ಇಟಲಿಗೆ ಹೋದವಳು ವಿಚ್ಛೇದನದ ಕಾಗದಕ್ಕೆ ಸಹಿ ಹಾಕಲೂ ತಿರುಗಿ ಬರಲಿಲ್ಲ. ಊರಿಗೆ ಇದೊಂದು ವಿಷಯವೇ ಆಗಿರಲಿಲ್ಲ. ಆದರೆ ಪೆನ್ಯೊನ ಅಕ್ಕ ವೆಲಿಚ್ಕಾಗೆ ಆಗಿತ್ತು. ಅವಳಿರುವುದು ದೂರದ ನಗರ ಪ್ಲೊವ್ದಿವ್‌ನಲ್ಲಿ. ತಮ್ಮ ಸತ್ತ ಸುದ್ದಿ ಕೇಳಿ ಅಲ್ಲಿಯೇ ಹಾಳೆ ಅಚ್ಚು ಹಾಕಿಸಿಕೊಂಡು ಬಂದು ಊರ ತುಂಬ ಅಂಟಿಸಿದಳು. ಅದರಲ್ಲಿ ಪೆನ್ಯೊನ ಸೈನ್ಯದ ಕಾಲದ ಫೋಟೊ, ಬೋಳಿಸಿದ ತಲೆ, ಎರಡು ಅಗಲ ಕಿವಿ. ಕೆಳಗೆ ದುಃಖದಲ್ಲಿರುವವರು ಅಕ್ಕ ಮತ್ತು ಅಕ್ಕನ ಮಕ್ಕಳು. ಯೊಂಕಾಳ ಹೆಸರು ಎಲ್ಲಿಯೂ ಇರಲಿಲ್ಲ. ಜನ ಅವಳ ಮನೆಯ ಗೇಟಿನ ತನಕ ಬಂದು, ಹಾಳೆ ಓದಿ, ಸಂತಾಪ ಹೇಳಬೇಕೋ ಬೇಡವೋ ತಿಳಿಯದೆ ಟೊಮೆಟೊ ಹೇಗೆ ಬಂದಿದೆ ಎಂದು ಕೇಳಿ ಹೋದರು. ಮಣ್ಣು ಮಾಡುವಾಗ ಅವಳು ನೆರೆಯವರ ಸಾಲಿನಲ್ಲಿ ನಿಂತಿದ್ದಳು. ಆ ವಾರ ನಾನು ಪಿತ್ತಕೋಶ ತೆಗೆಸಿಕೊಂಡು ಆಸ್ಪತ್ರೆಯಲ್ಲಿ ಬಿದ್ದಿದ್ದೆ, ಅಂಗಡಿಗೆ ಬೀಗ.

ಈಗ ಶನಿವಾರ ನಲವತ್ತನೆಯ ದಿನ. ವೆಲಿಚ್ಕಾ ಮತ್ತೆ ಬರುತ್ತಾಳೆ. ಅಷ್ಟರೊಳಗೆ ಯೊಂಕಾಳಿಗೆ ತನ್ನದೇ ಹಾಳೆ ಬೇಕು, ಕೆಳಗೆ ತನ್ನ ಹೆಸರು ಬೇಕು. ಹೆಸರು ಕಂಬದ ಮೇಲೆ ಬಂದರೆ ಶನಿವಾರ ಮನೆಯವಳ ಹಾಗೆ ಸಮಾಧಿಯ ತಲೆಯ ಹತ್ತಿರ ನಿಂತು, ಸತ್ತವನ ಹೆಸರಲ್ಲಿ ತನ್ನ ಕೈಯಾರೆ ಬೇಯಿಸಿದ ಗೋಧಿ ಹಂಚಬಹುದು. ಬರದಿದ್ದರೆ ಮತ್ತೆ ನೆರೆಯವರ ಸಾಲು, ಈ ಸಲ ಶಾಶ್ವತವಾಗಿ. ಇಷ್ಟನ್ನೂ ಅವಳು ನನ್ನ ಮುಖ ನೋಡದೆ, ಮೇಜಿನ ಮೇಲಿದ್ದ ಶಿಲುಬೆಗಳ ಮಾದರಿ ಪುಸ್ತಕ ನೋಡುತ್ತ ಹೇಳಿದಳು.

ಫೋಟೊ ಕೊಡು ಅಂದೆ. ಅವಳ ಹತ್ತಿರ ಇರಲಿಲ್ಲ. ಪೆನ್ಯೊ ಕ್ಯಾಮರಾ ಕಂಡರೆ ಬೆನ್ನು ತಿರುಗಿಸುವ ಆಸಾಮಿ. ಮನೆಯಲ್ಲಿರುವ ಎಲ್ಲ ಫೋಟೊಗಳಲ್ಲೂ ಬೇರೆಯವರ ಹಿಂದೆ ಅವನ ಭುಜ. ಆಗ ನನಗೆ ನೆನಪಾಯಿತು. ಮೂರು ವರ್ಷದ ಹಿಂದೆ, ಹೃದಯ ಮೊದಲ ಸಲ ತಕರಾರು ಮಾಡಿ ಆಸ್ಪತ್ರೆಯಿಂದ ಬಂದವನೇ, ಗಡ್ಡ ಹೆರೆದು, ಇಸ್ತ್ರಿ ಅಂಗಿ ಹಾಕಿ ಅವನು ನನ್ನ ಅಂಗಡಿಗೆ ಬಂದಿದ್ದ. ತನ್ನ ಸಾವಿನ ಹಾಳೆಯನ್ನು ಈಗಲೇ ಮಾಡಿಡು, ಇಲ್ಲದಿದ್ದರೆ ಅಕ್ಕ ಆ ಕಿವಿಯ ಫೋಟೊ ಹಾಕಿಸುತ್ತಾಳೆ ಎಂದ. ಗೋಡೆಗೆ ನಿಲ್ಲಿಸಿ ಫೋಟೊ ತೆಗೆದೆ. ತೆಗೆಯುವಾಗ ಹಿಂದೆ ಸರಿದು ಅಂಟಿನ ಬಕೆಟ್ಟಿನಲ್ಲಿ ಕಾಲಿಟ್ಟೆ, ಅವನು ಬಾಯಿ ತುಂಬ ನಕ್ಕ. ಆ ನಗುವೇ ಫೋಟೊದಲ್ಲಿ ಬಂತು. ಕ್ಯಾಮರಾ ಆಮೇಲೆ ಕಳೆದುಹೋಯಿತು. ಫೋಟೊ ಉಳಿದಿರುವುದು ಒಂದೇ ಕಡೆ, ನನ್ನ ಕಂಪ್ಯೂಟರಿನ ಹಳೆಯ ಪ್ರೋಗ್ರಾಮಿನಲ್ಲಿ ಮಾಡಿದ್ದ ಆ ಹಾಳೆಯೊಳಗೆ. ಆ ಪ್ರೋಗ್ರಾಂ ಬಿಟ್ಟು ಬೇರೆ ಯಾವುದರಿಂದಲೂ ಅದು ತೆರೆಯುವುದಿಲ್ಲ.

ಇದನ್ನು ಕೇಳಿ ಯೊಂಕಾ ಕೂತುಬಿಟ್ಟಳು. ಅವನು ಅಂಥ ಕೆಲಸ ಮಾಡಿದ್ದು ಅವಳಿಗೆ ಗೊತ್ತಿರಲಿಲ್ಲ. ಸಂಜೆ ಬಾ, ತೋರಿಸುತ್ತೇನೆ ಎಂದು ಕಳಿಸಿ, ಹಳೆಯ ಪ್ರೋಗ್ರಾಂ ಒತ್ತಿದೆ. ಅದು ತೆರೆಯಲಿಲ್ಲ.

ತಪ್ಪು ನನ್ನದೇ. ಆಸ್ಪತ್ರೆಯಿಂದ ಬಂದ ಹುರುಪಿನಲ್ಲಿ ಸಾವಿನ ಹಾಳೆಗೆಂದೇ ಮಾಡಿದ ಹೊಸ ಪ್ರೋಗ್ರಾಂ ಒಂದನ್ನು ಹಾಕಿಕೊಂಡಿದ್ದೆ. ಅದರಲ್ಲಿ ಅಲುಗಾಡುವ ಮೇಣದಬತ್ತಿ ಕೂಡ ಇತ್ತು. ಕಾಗದದ ಮೇಲೆ ಅದು ಹೇಗೆ ಅಲುಗಾಡುತ್ತದೆ ಎಂದು ನಾನು ಕೇಳಿರಲಿಲ್ಲ. ಹಾಕುವಾಗ ಕಂಪ್ಯೂಟರ್ ಏನೋ ಬೇಡದ ಕಡತಗಳಿವೆ, ತೆಗೆಯಲೇ ಎಂದು ಕೇಳಿತ್ತು. ಹೊಟ್ಟೆಯಿಂದ ಬೇಡದ್ದೊಂದನ್ನು ಈಗಷ್ಟೇ ತೆಗೆಸಿಕೊಂಡು ಬಂದವನು ನಾನು, ತೆಗೆ ತೆಗೆ ಎಂದಿದ್ದೆ. ಈಗ ಹಳೆಯ ಪ್ರೋಗ್ರಾಂ ಒತ್ತಿದರೆ, ಇಂಥ ಹೆಸರಿನ ಲೈಬ್ರರಿ ಬೇಕು, ಅಂಥ ಕಡತವೇ ಇಲ್ಲ ಎಂದು ಒಂದು ಸಾಲು ಬರೆದು ಸುಮ್ಮನಾಗುತ್ತಿತ್ತು.

ನೆದ್ಕಕ್ಕನನ್ನು ಕರೆದರೆ ಬೈಗುಳ ಖಚಿತ. ಹಾಗಾಗಿ ಇಂಟರ್‌ನೆಟ್ಟಿನಲ್ಲಿ ಹುಡುಕಿದೆ. ಯಾರೋ ಪುಣ್ಯಾತ್ಮ ಬರೆದಿದ್ದ: ಹಳೆಯ ಲೈಬ್ರರಿ ಇಲ್ಲದಿದ್ದರೆ ಅದರ ಹೊಸ ಆವೃತ್ತಿ ಇರುತ್ತದೆ, ಅದಕ್ಕೇ ಹಳೆಯ ಹೆಸರು ಕೊಟ್ಟುಬಿಡಿ, ಪ್ರೋಗ್ರಾಮಿಗೆ ಗೊತ್ತಾಗುವುದಿಲ್ಲ. ಇದು ನನಗೆ ಬಹಳ ಸಹಜ ಎನ್ನಿಸಿತು. ನಮ್ಮಲ್ಲಿ ಹಿರಿ ಮೊಮ್ಮಗನಿಗೆ ಅಜ್ಜನ ಹೆಸರನ್ನೇ ಇಡುತ್ತೇವೆ. ಇಟ್ಟ ದಿನದಿಂದ ಅವನು ಅಜ್ಜನ ಹಾಗೇ ಕುಡಿಯಬೇಕು, ಅಜ್ಜನ ಹಾಗೇ ಕುರಿ ಕಾಯಬೇಕು ಎಂದು ಕಾಯುತ್ತೇವೆ. ಸರಿ, ಅದು ಒಂದೊಂದಾಗಿ ಕೇಳಿದ ಲೈಬ್ರರಿಗಳಿಗೆಲ್ಲ ಹೊಸದನ್ನು ತಂದು ಹಳೆಯದರ ಹೆಸರಿಟ್ಟೆ. ಪ್ರೋಗ್ರಾಂ ತೆರೆಯಿತು. ಖುಷಿಯಿಂದ ಅದರಲ್ಲೇ ಉಳಿದಿದ್ದ ಬೇರೊಂದು ಹಾಳೆ ಅಚ್ಚು ಹಾಕಿದೆ. ಅದು ಅಗ್ನಿಶಾಮಕ ದಳದ ನಿವೃತ್ತ ಮುಖ್ಯಸ್ಥನ ವರ್ಷದ ಹಾಳೆ. ಮುಖ್ಯಸ್ಥನ ಮುಖ ಇದ್ದಲು, ಹಲ್ಲೆಲ್ಲ ಕಪ್ಪು, ಕಣ್ಣಲ್ಲಿ ಬಿಳಿ ಬೆಂಕಿ. ಬೆಂಕಿ ಆರಿಸುವುದು ಬಿಟ್ಟು ಬೆಂಕಿಯ ಕಡೆಗೇ ಸೇರಿಕೊಂಡವನ ಹಾಗೆ ಕಾಣುತ್ತಿದ್ದ. ಪೆನ್ಯೊನ ಹಾಳೆ ಒತ್ತಿದೆ. ಪ್ರೋಗ್ರಾಂ ಒಮ್ಮೆ ಮಿಟುಕಿಸಿ ಮುಚ್ಚಿಕೊಂಡಿತು. ಸಂಜೆ ಯೊಂಕಾ ಬಂದಾಗ ನನ್ನ ಹತ್ತಿರ ತೋರಿಸಲು ಏನೂ ಇರಲಿಲ್ಲ. ಅವಳು ಶಿಲುಬೆಗಳ ಮಾದರಿ ಪುಸ್ತಕವನ್ನು ಮುಚ್ಚಿ ಮೇಜಿನ ಅಂಚಿಗಿಟ್ಟು ಹೋದಳು, ಅದು ನನಗೆ ಬೈಗುಳಕ್ಕಿಂತ ಹೆಚ್ಚು ಕುಟುಕಿತು.

ಗುರುವಾರ ಬೆಳಿಗ್ಗೆ ನೆದ್ಕಕ್ಕ ಬಂದಳು. ಬಾಗಿಲಲ್ಲೇ ಮುಖ್ಯಸ್ಥನ ಹಾಳೆ ನೋಡಿ, ಇವನು ಸತ್ತದ್ದು ಎರಡನೇ ಸಲವೋ ಎಂದು ಕೇಳಿದಳು. ನನ್ನನ್ನು ಕೂರಿಸಿ ದೋಷ ಓದಿಸಿದಳು. ನಾನು ಹೆಸರು ಬದಲಿಸಿದ್ದನ್ನು ಹೇಳದೆ ಜಾರಿಕೊಳ್ಳಲು ನೋಡಿದೆ. ಆಗಲಿಲ್ಲ. ನಿಂತಲ್ಲಿಂದಲೇ ಕೀಲಿಮಣೆಗೆ ಬಾಗಿ ಎರಡು ಸಾಲು ಬರೆದು ಅವಳೇ ಪತ್ತೆ ಹಚ್ಚಿದಳು.

“ಇವಕ್ಕೆಲ್ಲ ಯಾರು ನಾಮಕರಣ ಮಾಡಿದ್ದು?” ಅಂದಳು.

“ಹೆಸರು ಒಂದೇ ಇದ್ರೆ ಸಾಕು ಅಂತ ಬರೆದಿದ್ರು ಅಕ್ಕ.”

“ನಿನಗೂ ನಿಮ್ಮಜ್ಜನ ಹೆಸರೇ ಅಲ್ವೇನೋ ಇಟ್ಟಿರೋದು? ಅವನಾಗಿದ್ರೆ ಕೇಳಿಬಿಟ್ಟು ಮುಟ್ತಿದ್ದ. ಏಳು ಮೇಲೆ.”

ನಾನೆದ್ದೆ, ಅವಳು ಕೂತಳು, ನನ್ನ ಕಾಫಿಗೆ ಮೊದಲ ಸಿಪ್ಪೆ ಬಿತ್ತು. ನನ್ನ ಸುಳ್ಳು ಹೆಸರುಗಳನ್ನು ಕಿತ್ತೆಸೆದಳು. ಅಷ್ಟರಲ್ಲಿ ಯೊಂಕಾ ಶಾಲೆಯ ಅಡುಗೆಮನೆಯಿಂದ ಏಪ್ರನ್ನಿನಲ್ಲೇ ಓಡಿಬಂದಳು. ಪ್ರೋಗ್ರಾಂ ಹಾಳಾಗಿದೆಯೇ, ಅವನ ಮುಖವೂ ಅದರ ಜೊತೆ ಹೋಯಿತೇ ಎಂದು ಕೇಳಿದಳು. ನೆದ್ಕಕ್ಕ ನನಗೆ ಬೈದ ಬಾಯಲ್ಲೇ ಅವಳಿಗೆ ಮೆತ್ತಗೆ ವಿವರಿಸಿದಳು. ಪೆನ್ಯೊ ಇದ್ದಾನೆ, ಪ್ರೋಗ್ರಾಮೂ ಇದೆ. ಊರಲ್ಲಿ ಎಲ್ಲರ ಮನೆಯಲ್ಲೂ ರಕಿಯ ಸಾರಾಯಿ ಕಾಯಿಸುವ ಹಂಡೆ ಇರುವುದಿಲ್ಲವಲ್ಲ, ನಮ್ಮ ನಮ್ಮ ಪ್ಲಮ್ಮು ಹೊತ್ತುಕೊಂಡು ಊರ ಹಂಡೆಯ ಹತ್ತಿರ ಹೋಗುತ್ತೇವಲ್ಲ, ಪ್ರೋಗ್ರಾಮುಗಳೂ ಹಾಗೆಯೇ. ಫೋಟೊ ಬಿಡಿಸುವುದು, ಅಕ್ಷರ ಬರೆಯುವುದು, ಇಂಥ ಕೆಲಸಗಳ ಹಂಡೆ ಕಂಪ್ಯೂಟರಿನಲ್ಲಿ ಎಲ್ಲರಿಗೂ ಸೇರಿ ಒಂದೊಂದು ಇರುತ್ತದೆ. ಅದಕ್ಕೇ ಲೈಬ್ರರಿ ಅನ್ನುವುದು. ಈ ಮಹಾಶಯ ಹೊಸಬನನ್ನು ಕರೆತಂದು ಹಳಬನ ಹಂಡೆ ಬಿಸಾಕಿಸಿದ್ದಾನೆ. ಹಳಬ ಪ್ಲಮ್ಮು ಹೊತ್ತು ಬಂದು ಬೀದಿಯಲ್ಲಿ ನಿಂತಿದ್ದಾನೆ. ಅಂಥದೇ ಹಂಡೆ ಹುಡುಕಿ ತಂದರೆ ಆಯಿತು.

ಯೊಂಕಾಳಿಗೆ ಪೂರ್ತಿ ಅರ್ಥವಾಯಿತು. ನನಗೆ ಅವತ್ತೇ ಮೊದಲು ಅರ್ಥವಾಗಿದ್ದು, ಆದರೆ ಗೊತ್ತಿದ್ದವನ ಹಾಗೆ ತಲೆ ಆಡಿಸಿದೆ.

ನೆದ್ಕಕ್ಕ ಪ್ರೋಗ್ರಾಮಿಗೆ ಏನೇನು ಬೇಕೆಂದು ಪಟ್ಟಿ ತೆಗೆಸಿದಳು. ಉದ್ದ ಪಟ್ಟಿ; ಒಂದೊಂದರ ಎದುರಿಗೂ ಅದು ಎಲ್ಲಿದೆ ಎಂಬ ವಿಳಾಸ, ಐದರ ಎದುರಿಗೆ ಮಾತ್ರ ಸಿಗಲಿಲ್ಲ ಎಂದಿತ್ತು. ಮೊದಲು ಕಂಪ್ಯೂಟರಿನ ಮೂಲೆ ಮೂಲೆ ಜಾಲಾಡಿದಳು. ಒಂದು ಅಲ್ಲೇ ಬೇರೆ ಕೋಣೆಯಲ್ಲಿ ಬಿದ್ದಿತ್ತು, ಎಲ್ಲಿ ಹುಡುಕಬೇಕೆಂದು ಪ್ರೋಗ್ರಾಮಿಗೆ ಯಾರೂ ಹೇಳಿರಲಿಲ್ಲ, ಅಷ್ಟೆ. ಇನ್ನು ಮೂರು ಇಂಟರ್‌ನೆಟ್ಟಿನ ಹಳೆಯ ಉಗ್ರಾಣದಲ್ಲಿ ಸಿಕ್ಕವು. ಹೊಸದನ್ನೇ ಕೊಡುತ್ತೇನೆ ಎಂದು ಉಗ್ರಾಣ ಹಟ ಮಾಡಿತು, ಇವಳು ಇಂಥ ಆವೃತ್ತಿಯೇ ಬೇಕೆಂದು ಅಂಕಿ ಹಿಡಿದು ಜಗಳಾಡಿ ತಂದಳು. ಐದನೆಯದು ಮಾತ್ರ ಎಲ್ಲಿಯೂ ಇರಲಿಲ್ಲ. ಅದೇ ಫೋಟೊ ಬಿಡಿಸುವ ಲೈಬ್ರರಿ. ಅಷ್ಟು ಹಳೆಯದನ್ನು ಯಾರೂ ಇಟ್ಟಿರಲಿಲ್ಲ.

ಮಧ್ಯಾಹ್ನವಾಯಿತು. ಯೊಂಕಾ ಶಾಲೆಯ ಮಕ್ಕಳಿಗೆ ಬಡಿಸಿ ಮತ್ತೆ ಬಂದು ಬಾಗಿಲ ಹತ್ತಿರ ನಿಂತಿದ್ದಳು. ನೆದ್ಕಕ್ಕ ಕಣ್ಣು ಮುಚ್ಚಿ ಬೀಜ ಕಡಿಯುತ್ತ, ನನಗೆ ಇದನ್ನು ಹಾಕಿಕೊಟ್ಟ ವರ್ಷ ತಾನು ಊರಲ್ಲಿ ಬೇರೆ ಯಾರ್ಯಾರಿಗೆ ಕಂಪ್ಯೂಟರ್ ಹಾಕಿಕೊಟ್ಟಿದ್ದೆ ಎಂದು ಬೆರಳು ಮಡಚಿದಳು. ಪುರಸಭೆ ಹೊಸದು ತಂದಿದೆ. ಪಶುವೈದ್ಯನದನ್ನು ಹೋರಿ ಒದ್ದಿದೆ. ಕೊನೆಗೆ ಒಂದು ಉಳಿಯಿತು, ಸ್ಮಶಾನದ ಕಾವಲುಗಾರ ಗುಂಚೊನದು. ಅದು ಹದಿನೈದು ವರ್ಷದಿಂದ ಇಂಟರ್‌ನೆಟ್ಟಿನ ಮುಖ ಕಂಡಿರಲಿಲ್ಲ, ಅದರಲ್ಲಿ ಒಂದು ಕಡತವೂ ಬದಲಾಗಿರಲು ಸಾಧ್ಯವಿರಲಿಲ್ಲ.

ಮೂವರೂ ನನ್ನ ಕಾರಿನಲ್ಲಿ ಸ್ಮಶಾನಕ್ಕೆ ಹೋದೆವು. ಗುಂಚೊ ಸಮಾಧಿಗಳ ದಾಖಲೆಗೆಂದು ಕೊಟ್ಟ ಕಂಪ್ಯೂಟರಿನಲ್ಲಿ ಇಸ್ಪೀಟು ಆಡುತ್ತಿದ್ದ. ಸತ್ತವರನ್ನು ಅವನು ನೋಟ್‌ಬುಕ್ಕಿನಲ್ಲೇ ಬರೆದಿಡುತ್ತಾನೆ. ವಿಷಯ ಕೇಳಿದ ತಕ್ಷಣ ಪರದೆಗೆ ಅಡ್ಡ ನಿಂತ. ತನ್ನ ಲೈಬ್ರರಿ ಇವರು ಒಯ್ದರೆ ತನ್ನ ರಾಣಿ, ಗುಲಾಮರ ಚಿತ್ರ ಯಾರು ಬಿಡಿಸುತ್ತಾರೆ ಎಂಬುದು ಅವನ ವಾದ. ಅದೂ ತಪ್ಪಲ್ಲ, ಅದೇ ಲೈಬ್ರರಿಯೇ ಬಿಡಿಸುತ್ತಿತ್ತು. ಒಯ್ಯುವುದಿಲ್ಲ, ನಕಲು ಮಾಡಿಕೊಳ್ಳುತ್ತೇವೆ, ನಿನ್ನದು ನಿನ್ನ ಹತ್ತಿರವೇ ಇರುತ್ತದೆ ಎಂದು ನೆದ್ಕಕ್ಕ ಮೂರು ಸಲ ಹೇಳಿದಳು. ನಕಲು ಮಾಡಿದರೆ ಮೂಲ ಸ್ವಲ್ಪವಾದರೂ ಸವೆಯದೆ ಇರುತ್ತದೆಯೇ ಎಂದು ಅವನು ಕೇಳಿದ. ಕೊನೆಗೆ ಯೊಂಕಾ, ಪೆನ್ಯೊ ಈ ಗುಡಿಸಲಿನ ನಲ್ಲಿಯನ್ನು ನಾಲ್ಕು ಸಲ ಪುಕ್ಕಟೆ ರಿಪೇರಿ ಮಾಡಿಕೊಟ್ಟಿದ್ದು ನೆನಪಿದೆಯೇ ಎಂದಳು. ಗುಂಚೊ ಪಕ್ಕಕ್ಕೆ ಸರಿದ. ಆದರೆ ಆಟ ಮುಚ್ಚಬಾರದು, ತಾನು ಗೆಲ್ಲುತ್ತಿದ್ದೇನೆ ಎಂದು ಷರತ್ತು ಹಾಕಿದ. ನೆದ್ಕಕ್ಕ ಅವನ ಆಟಕ್ಕೆ ಕೈ ತಾಗಿಸದೆ ಪೆನ್ ಡ್ರೈವಿಗೆ ಕಡತ ತುಂಬಿಕೊಂಡಳು. ಏಳುವ ಮುಂಚೆ ಮಾತ್ರ ಎಡಗಡೆಯ ಎಂಟನ್ನು ಒಂಬತ್ತರ ಮೇಲೆ ಇಟ್ಟಳು, ಅದನ್ನು ನೋಡಿಕೊಂಡು ಸುಮ್ಮನಿರಲು ಅವಳ ಕೈಲಿ ಆಗಲಿಲ್ಲ.

ಶುಕ್ರವಾರ ಬೆಳಿಗ್ಗೆ ಹಳೆಯ ಲೈಬ್ರರಿಗಳಿಗೆಲ್ಲ ಬೇರೆಯೇ ಒಂದು ಕೋಣೆ ಮಾಡಿ, ಹೊಸ ಪ್ರೋಗ್ರಾಮಿನ ಸಾಮಾನಿಗೆ ಸೋಕದ ಹಾಗೆ ಇಟ್ಟಳು. ಹಳೆಯ ಪ್ರೋಗ್ರಾಮಿಗೆ ಮೊದಲು ಅಲ್ಲಿ ಹುಡುಕು ಎಂದು ಬರೆದಳು. ಮತ್ತೆ ಪಟ್ಟಿ ತೆಗೆಸಿದಳು. ಸಿಗಲಿಲ್ಲ ಎಂಬ ಮಾತು ಪಟ್ಟಿಯಲ್ಲಿ ಎಲ್ಲಿಯೂ ಇರಲಿಲ್ಲ. ಒತ್ತಿದಳು.

ಪೆನ್ಯೊ ಬಂದ. ಹಣೆಯ ಮೇಲೆ ಮೂರು ಗೆರೆ, ಮುಂದಿನ ಹಲ್ಲಿನ ಸಂದು, ಅಂಗಿಯ ಮೇಲಿನ ಗುಂಡಿ ಬಿಚ್ಚಿತ್ತು, ಬಾಯಿ ತುಂಬ ನಗು. ಯೊಂಕಾ ಪರದೆಯ ಹತ್ತಿರ ಹೋಗಿ ಏಪ್ರನ್ನಿನ ಅಂಚಿನಿಂದ ಗಾಜಿನ ಮೇಲಿನ ಧೂಳು ಒರೆಸಿದಳು. ಆಮೇಲೆ ಅದೇ ಅಂಚಿನಿಂದ ಕಣ್ಣು ಒರೆಸಿಕೊಂಡಳು. ನೆದ್ಕಕ್ಕ ಮಾತ್ರ ಪ್ರಿಂಟರಿನಲ್ಲಿ ಶಾಯಿ ಇದೆಯೇ ಎಂದು ಕೇಳಿದಳು.

ಹಾಳೆಯ ಮೇಲಿನದೆಲ್ಲ ಪೆನ್ಯೊ ಹೇಳಿ ಬರೆಸಿದ್ದು. ಸತ್ತ ದಿನಾಂಕವನ್ನು ಮಾತ್ರ ನಾನು ತುಂಬಿದೆ. ಕೆಳಗಿನ ಸಾಲನ್ನು ಅವನು ಖಾಲಿ ಬಿಡಿಸಿದ್ದ, ಬದುಕಿದ್ದವನು ತನಗಾಗಿ ಯಾರು ಅಳುತ್ತಾರೆ ಎಂದು ಬರೆಸುವುದು ಜಂಬ ಅಂದಿದ್ದ. ಅಲ್ಲಿ ಏನು ಹಾಕಲಿ ಎಂದು ಕೇಳಿದೆ.

“ಯೊಂಕಾ ಅಂತ ಹಾಕು ಸಾಕು,” ಅಂದಳು ಯೊಂಕಾ.

ಬರಿಯ ಹೆಸರು ಹಾಕಿದರೆ ಜನ ಓದಿ ಯಾವ ಯೊಂಕಾ ಎನ್ನುತ್ತಾರೆ ಎಂದು ನೆದ್ಕಕ್ಕ ಕೀಲಿಮಣೆ ಎಳೆದುಕೊಂಡು ತಾನೇ ಹೆಸರಿನ ಮುಂದೆ ಪತ್ನಿ ಎಂದು ಬರೆದಳು. ಕಾನೂನಿನ ಪ್ರಕಾರ ಪತ್ನಿ ಇಟಲಿಯಲ್ಲಿದ್ದಾಳೆ ಎಂದು ನಾನು ನೆನಪಿಸಿದೆ. ಅಷ್ಟಕ್ಕೆ ಸುಮ್ಮನಿರದೆ, ಹೆಸರು ಬದಲಿಸಿದ್ದಕ್ಕೆ ನಿನ್ನೆ ನನಗೆ ಬೈದೆಯಲ್ಲ ಅಂತಲೂ ಅಂದೆ.

“ನೀನು ಹೆಸರು ಕೊಟ್ಟ ಲೈಬ್ರರಿಗಳಿಗೆ ಆ ಕೆಲಸ ಬರ್ತಿರ್ಲಿಲ್ಲ. ಇವಳು ಹತ್ತೊಂಬತ್ತು ವರ್ಷ ಮಾಡಿದಾಳೆ. ಒತ್ತು ಬಟನ್ನು.”

ನಾನು ಒತ್ತಿದೆ. ಮೂವತ್ತು ಹಾಳೆ. ಯೊಂಕಾ ಮೈದಾ ಅಂಟು ಕಾಯಿಸಿ ತಂದಳು, ನೆದ್ಕಕ್ಕ ಮೊಣಕಾಲು ಹಿಡಿದುಕೊಂಡು ಬಯ್ಯುತ್ತ ಜೊತೆಗೆ ನಡೆದಳು. ಮಧ್ಯಾಹ್ನದೊಳಗೆ ಪೆನ್ಯೊ ಊರಿನ ಎಲ್ಲ ಕಂಬಗಳ ಮೇಲೂ ನಗುತ್ತಿದ್ದ. ವೆಲಿಚ್ಕಾ ಅಂಟಿಸಿದ್ದ ಕಿವಿಯ ಹಾಳೆಗಳನ್ನು ಯೊಂಕಾ ಕೀಳಗೊಡಲಿಲ್ಲ, ಪಕ್ಕದಲ್ಲೇ ಹಾಕಿಸಿದಳು. ಸಂಜೆ ಅವಳ ಗೇಟಿನ ಹತ್ತಿರ ಬಂದವರು ಟೊಮೆಟೊ ಬಗ್ಗೆ ಕೇಳಲಿಲ್ಲ.

ಶನಿವಾರ ಹತ್ತರ ಬಸ್ಸಿಗೆ ವೆಲಿಚ್ಕಾ ಇಳಿದಳು. ಎಪ್ಪತ್ತರ ಹೆಂಗಸು, ಕಪ್ಪು ಬಟ್ಟೆ, ಕೈಯಲ್ಲಿ ಹೂವು. ಬಸ್ ನಿಲ್ದಾಣದ ಗಾಜಿನ ಮೇಲೆಯೇ ಒಂದು ಹಾಳೆ ಇತ್ತು. ಅದರ ಮುಂದೆ ಅವಳು ಬಹಳ ಹೊತ್ತು ನಿಂತಳು. ಸ್ಮಶಾನದಲ್ಲಲ್ಲ, ಇಲ್ಲೇ ರಾದ್ಧಾಂತ ಆಗುತ್ತದೆ ಎಂದು ಬೇಕರಿಯ ಬಾಗಿಲಲ್ಲಿ ನಾಲ್ಕು ಜನ ಕಾದರು. ಅವಳು ಹೂವನ್ನು ಇನ್ನೊಂದು ಕೈಗೆ ಬದಲಿಸಿ ಸ್ಮಶಾನದ ಗುಡ್ಡ ಹತ್ತಿ ಬಂದಳು. ಯೊಂಕಾ ಸಮಾಧಿಯ ತಲೆಯ ಹತ್ತಿರ ಗೋಧಿಯ ಬಟ್ಟಲು ಹಿಡಿದು ನಿಂತಿದ್ದಳು. ವೆಲಿಚ್ಕಾ ಕಾಲಿನ ಕಡೆ ನಿಂತಳು. ಪಾದ್ರಿ ಹಾಡಿದ, ವೈನು ಸುರಿದ. ಯೊಂಕಾ ಗೋಧಿ ಹಂಚಿದಳು. ವೆಲಿಚ್ಕಾಗೆ ಬಟ್ಟಲು ಒಡ್ಡಿದಾಗ ಅವಳು ಒಂದು ಚಮಚ ತೆಗೆದುಕೊಂಡಳು, ಮುಖ ನೋಡಲಿಲ್ಲ.

ಎಲ್ಲ ಮುಗಿದ ಮೇಲೆ ಅವಳು ನೇರ ನನ್ನ ಹತ್ತಿರ ಬಂದಳು. ನನ್ನ ಪಕ್ಕದಲ್ಲಿ ನೆದ್ಕಕ್ಕ, ಆಚೆ ಗುಂಚೊ, ಸುತ್ತ ಅರ್ಧ ಊರು. ಆ ಫೋಟೊ ಎಲ್ಲಿತ್ತು ಎಂದು ಕೇಳಿದಳು. ಹೇಳಿದೆ. ತನ್ನ ಹತ್ತಿರ ಸೈನ್ಯದ್ದು ಬಿಟ್ಟು ಬೇರೆ ಇರಲಿಲ್ಲ, ಅದಕ್ಕೇ ಅದನ್ನು ಹಾಕಿಸಿದ್ದು, ಅವನು ನಕ್ಕಿದ್ದನ್ನು ನೋಡಿ ಎಷ್ಟು ವರ್ಷವಾಗಿತ್ತೋ ಎಂದಳು. ಆಗ ಮೊದಲ ಸಲ ಅವಳ ಮೇಲಿನ ಸಿಟ್ಟು ನನ್ನಲ್ಲಿ ಕಡಿಮೆಯಾಯಿತು. ಆಮೇಲೆ ಅವಳು ದನಿ ತಗ್ಗಿಸಿದಳು.

“ಪ್ಲೊವ್ದಿವ್‌ನಲ್ಲಿ ನಮ್ಮ ಮನೆ ಬಾಗಿಲಿಗೂ ಒಂದು ಹಾಕ್ಬೇಕು. ಆ ಕೆಳಗಿನ ಸಾಲು ಬಿಟ್ಟು ಒಂದು ಅಚ್ಚು ಹಾಕಿಕೊಡ್ತೀಯಾ?”

ಎರಡು ನಿಮಿಷದ ಕೆಲಸ. ಸಾಲು ಅಳಿಸಿ ಒತ್ತಿದರೆ ಮುಗಿಯಿತು. ನನ್ನ ಕಸುಬಿನಲ್ಲಿ ಗಿರಾಕಿ ಕೇಳಿದ್ದನ್ನು ಇಲ್ಲ ಎನ್ನುವ ಪದ್ಧತಿಯಿಲ್ಲ, ಅದರಲ್ಲೂ ಸ್ವಂತ ಅಕ್ಕ. ನಾಲ್ಕು ಹೆಜ್ಜೆ ದೂರದಲ್ಲಿ ಯೊಂಕಾ ಖಾಲಿ ಬಟ್ಟಲು ಹಿಡಿದು ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ನಾನು ಬಾಯಿ ತೆರೆದೆ. ಅಷ್ಟರಲ್ಲಿ ನೆದ್ಕಕ್ಕ ಸಿಪ್ಪೆ ಉಗಿದಳು.

“ಆಗಲ್ಲ,” ಅಂದಳು. “ಆ ಪ್ರೋಗ್ರಾಂ ಬೆಳಿಗ್ಗೆ ಮತ್ತೆ ಕೆಟ್ಟುಹೋಯ್ತು. ಲೈಬ್ರರಿ ಇಲ್ಲ ಅಂತಿದೆ.”

“ರಿಪೇರಿ ಆಗಲ್ವಾ?”

“ಇಲ್ಲ. ನನ್ನ ಕೈಲಿ ಆಗಲಿಲ್ಲ.”

ಗುಂಚೊನ ಬಾಯಿ ತೆರೆದದ್ದು ತೆರೆದೇ ಇತ್ತು. ಪುರಸಭೆಯ ಗುಮಾಸ್ತೆ ಹಿಂತಿರುಗಿ ನೋಡಿದಳು. ನೆದ್ಕಕ್ಕನ ಬಾಯಲ್ಲಿ ಆ ಮಾತನ್ನು ಊರು ಯಾವತ್ತೂ ಕೇಳಿರಲಿಲ್ಲ. ಸೋಮವಾರದೊಳಗೆ ಅದು ಎಲ್ಲ ಅಂಗಡಿಗೂ ತಲುಪುತ್ತದೆ, ಮುದುಕಿಗೆ ಕಣ್ಣು ಹೋಗಿದೆ, ಇನ್ನು ಪಟ್ಟಣದವರೇ ಗತಿ ಎಂದು ಜನ ಆಡಿಕೊಳ್ಳುತ್ತಾರೆ ಎಂದು ಅವಳಿಗೆ ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ನಲವತ್ತು ವರ್ಷ ದುಡಿದು ಗಳಿಸಿದ ಹೆಸರನ್ನು ಅವಳು ಅಷ್ಟು ಜನರ ಮುಂದೆ ಬಿಟ್ಟುಕೊಟ್ಟಳು, ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ನಾನು ತೆರೆದ ಬಾಯನ್ನು ಮುಚ್ಚಿಕೊಂಡೆ.

ನಿನ್ನೆ ಅಚ್ಚು ಹಾಕಿದ್ದರಲ್ಲಿ ಎರಡು ಉಳಿದಿವೆ, ಬೇಕಿದ್ದರೆ ಅದನ್ನು ತೆಗೆದುಕೋ ಎಂದು ನೆದ್ಕಕ್ಕ ಹೇಳಿದಳು. ಯೊಂಕಾ ಚೀಲದಿಂದ ಹಾಳೆ ತೆಗೆದು ಕೊಟ್ಟಳು. ವೆಲಿಚ್ಕಾ ಅದನ್ನು ಎರಡೂ ಕೈಯಲ್ಲಿ ಹಿಡಿದು ಮೊದಲು ಫೋಟೊ ನೋಡಿದಳು, ಆಮೇಲೆ ಕೆಳಗಿನ ಸಾಲು, ಮತ್ತೆ ಫೋಟೊ. ಮುಖಕ್ಕೆ ಮಡಿಕೆ ಬೀಳದ ಹಾಗೆ ಸುರುಳಿ ಸುತ್ತಿದಳು. ಹತ್ತು ಹೆಜ್ಜೆ ಹೋದವಳು ನಿಂತು, ತಿರುಗದೆಯೇ ಯೊಂಕಾಳನ್ನು ಕೇಳಿದಳು.

“ಅಂಟು ಏನಾದ್ರೂ ಉಳಿದಿದ್ಯಾ? ನಮ್ಮನೇಲಿ ಇಲ್ಲ.”